ರೆಪೊ ದರ ಇಳಿದರೆ ಯಾರ ಮನೆಗೆ ಲಾಭ? ಹಣಕಾಸು ನೀತಿ ಮತ್ತು ಆದಾಯದ ಅಂತರ

ಎರಡು ತಿಂಗಳಿಗೊಮ್ಮೆ ಟಿವಿಯಲ್ಲಿ ಒಂದು ಸುದ್ದಿ ಬರುತ್ತದೆ. ಆರ್‌ಬಿಐ ರೆಪೊ ದರ ಇಳಿಸಿತು, ಇಲ್ಲವೇ ಏರಿಸಿತು, ಇಲ್ಲವೇ ಯಥಾಸ್ಥಿತಿ. ಕೆಳಗೆ ಒಂದು ಸಾಲು ಓಡುತ್ತಿರುತ್ತದೆ: ಗೃಹಸಾಲ ಪಡೆದವರಿಗೆ ಸಿಹಿ ಸುದ್ದಿ. ಗೃಹಸಾಲ ಇಲ್ಲದವರು ಅಷ್ಟಕ್ಕೇ ಚಾನೆಲ್ ಬದಲಾಯಿಸುತ್ತಾರೆ, ನಮಗೆ ಎಂತ ಸಂಬಂಧ ಅಂತ. ಸಂಬಂಧ ಉಂಟು. ಜಗಲಿಯಲ್ಲಿ ಕೂತು ಬೀಡಿ ಕಟ್ಟುವ ಉಮ್ಮನಿಗೂ ಉಂಟು, ದುಬೈಯ ಸೂಪರ್ ಮಾರ್ಕೆಟಿನಲ್ಲಿ ಕೆಲಸ ಮಾಡುವ ಮಗನಿಗೂ ಉಂಟು, ಬಡ್ಡಿ ಬೇಡವೇ ಬೇಡ ಅಂತ ಚಾಲ್ತಿ ಖಾತೆ ಮಾತ್ರ ಇಟ್ಟುಕೊಂಡ ಅಂಗಡಿಯ ಹಾಜಿಯವರಿಗೂ ಉಂಟು. ಆದರೆ ಎಲ್ಲರಿಗೂ ಒಂದೇ ಥರ ಅಲ್ಲ. ಮುಂಬೈಯಲ್ಲಿ ಆಗುವ ಒಂದೇ ತೀರ್ಮಾನ ಒಬ್ಬರ ಜೇಬಿಗೆ ಹಾಕುತ್ತದೆ, ಇನ್ನೊಬ್ಬರ ಜೇಬಿನಿಂದ ತೆಗೆಯುತ್ತದೆ. ಯಾರಿಗೆ ಯಾವುದು ಎನ್ನುವುದು ಅವರ ಕೈಯಲ್ಲಿ ಏನಿದೆ, ಅವರ ಸಾಲ ಯಾರ ಹತ್ತಿರ ಇದೆ, ಅವರ ಕೂಲಿ ಎಷ್ಟು ಬೇಗ ಏರುತ್ತದೆ ಎನ್ನುವುದರ ಮೇಲೆ ನಿಂತಿದೆ.

ರೆಪೊ ಅಂದರೆ

ಬ್ಯಾಂಕುಗಳಿಗೆ ತುರ್ತಿಗೆ ಹಣ ಬೇಕಾದಾಗ ಸರ್ಕಾರಿ ಸಾಲಪತ್ರಗಳನ್ನು ಒತ್ತೆ ಇಟ್ಟು ರಿಸರ್ವ್ ಬ್ಯಾಂಕಿನಿಂದ ಅಲ್ಪಾವಧಿ ಸಾಲ ಪಡೆಯುತ್ತವೆ. ಆ ಸಾಲದ ಬಡ್ಡಿಯೇ ರೆಪೊ ದರ. ನಾವು ಚಿನ್ನ ಅಡವಿಟ್ಟು ಹಣ ತರುತ್ತೇವಲ್ಲ, ಹಾಗೆಯೇ. ಈ ದರ ಏರಿದರೆ ದೇಶದಲ್ಲಿ ಹಣ ದುಬಾರಿಯಾಗುತ್ತದೆ. ಸಾಲ ಮಾಡಿ ಕೊಳ್ಳುವುದು, ಕಟ್ಟುವುದು ನಿಧಾನವಾಗುತ್ತದೆ. ಬೇಡಿಕೆ ತಗ್ಗಿ ಬೆಲೆ ಏರಿಕೆಗೆ ಕಡಿವಾಣ ಬೀಳುತ್ತದೆ. ಇಳಿದರೆ ಇದರ ಉಲ್ಟಾ.

ದರವನ್ನು ತೀರ್ಮಾನಿಸುವುದು ಹಣಕಾಸು ನೀತಿ ಸಮಿತಿ. 2016ರಲ್ಲಿ ಆರ್‌ಬಿಐ ಕಾಯ್ದೆಗೆ ತಿದ್ದುಪಡಿ ತಂದು ಇದನ್ನು ರಚಿಸಲಾಯಿತು. ಆರು ಮಂದಿ ಸದಸ್ಯರು. ಮೂವರು ಆರ್‌ಬಿಐಯವರು, ಮೂವರು ಕೇಂದ್ರ ಸರ್ಕಾರ ನೇಮಿಸಿದ ಹೊರಗಿನವರು. ಮತ ಸಮವಾದರೆ ಗವರ್ನರ್ ಅವರದ್ದು ನಿರ್ಣಾಯಕ ಮತ. ಸಮಿತಿಗೆ ಕೊಟ್ಟ ಗುರಿ ಒಂದೇ: ಚಿಲ್ಲರೆ ಹಣದುಬ್ಬರವನ್ನು ಶೇ 4ರಲ್ಲಿ ಹಿಡಿದಿಡಬೇಕು, ಹೆಚ್ಚೆಂದರೆ ಶೇ 6, ಕಡಿಮೆ ಎಂದರೆ ಶೇ 2. ಬೆಳವಣಿಗೆಯ ಮೇಲೂ ಕಣ್ಣಿರಬೇಕು ಎಂದು ಕಾಯ್ದೆ ಹೇಳುತ್ತದೆ. ಶ್ರೀಮಂತ-ಬಡವರ ಅಂತರದ ಬಗ್ಗೆ ಆ ಗುರಿಯಲ್ಲಿ ಒಂದು ಮಾತೂ ಇಲ್ಲ. ಆದರೆ ಗುರಿಯಲ್ಲಿ ಇಲ್ಲ ಎಂದ ಮಾತ್ರಕ್ಕೆ ಪರಿಣಾಮ ಇಲ್ಲ ಎಂದಲ್ಲ.

ಕಳೆದ ಕೆಲವು ವರ್ಷಗಳಲ್ಲಿ ದರ ಇಳಿಯುವುದು, ಏರುವುದು ಎರಡನ್ನೂ ನಾವು ಕಂಡೆವು. ಕೊರೋನಾ ಲಾಕ್‌ಡೌನ್ ಶುರುವಾದಾಗ, 2020ರ ಮಾರ್ಚ್ 27ರಂದು ರೆಪೊ ಶೇ 5.15ರಿಂದ 4.40ಕ್ಕೆ ಇಳಿಯಿತು, ಮೇ ತಿಂಗಳಲ್ಲಿ ಶೇ 4. ಎರಡು ವರ್ಷ ಅಲ್ಲೇ ನಿಂತಿತು. 2022ರ ಮೇ 4ರಂದು ವೇಳಾಪಟ್ಟಿಯಲ್ಲಿ ಇಲ್ಲದ ಸಭೆಯೊಂದರ ಬಳಿಕ ಏರಿಕೆ ಶುರುವಾಯಿತು. 2023ರ ಫೆಬ್ರವರಿ ಹೊತ್ತಿಗೆ ಶೇ 6.5. ಮತ್ತೆ ಎರಡು ವರ್ಷ ಅಲುಗಾಡಲಿಲ್ಲ. 2025ರ ಫೆಬ್ರವರಿಯಿಂದ ಇಳಿಯುತ್ತಾ ಡಿಸೆಂಬರ್‌ನಲ್ಲಿ ಶೇ 5.25ಕ್ಕೆ ಬಂತು.

ಸಾಲ ಯಾರ ಹತ್ತಿರ?

2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಹೊಸದಾಗಿ ಕೊಡುವ ಬದಲಾಗುವ ಬಡ್ಡಿಯ ಗೃಹಸಾಲ, ವಾಹನ ಸಾಲ, ಸಣ್ಣ ಉದ್ದಿಮೆ ಸಾಲಗಳನ್ನು ರೆಪೊದಂತಹ ಹೊರಗಿನ ಮಾನದಂಡಕ್ಕೆ ಜೋಡಿಸಬೇಕು ಎಂಬ ನಿಯಮ ಬಂತು. ಹಾಗಾಗಿ ರೆಪೊ ಕಾಲು ಪೈಸೆ ಇಳಿದರೂ ಇವರಿಗೆ ನೇರ ತಲುಪುತ್ತದೆ. ಲೆಕ್ಕ ಹಾಕಿ ನೋಡೋಣ. 25 ಲಕ್ಷ ರೂಪಾಯಿ ಸಾಲ, 20 ವರ್ಷದ ಅವಧಿ. ಶೇ 7 ಬಡ್ಡಿಯಾದರೆ ತಿಂಗಳ ಕಂತು ಸುಮಾರು 19,380 ರೂಪಾಯಿ. ಶೇ 9.5 ಆದರೆ ಸುಮಾರು 23,300. 2022ರಿಂದ 2023ರ ನಡುವೆ ಏರಿದ್ದು ಇಷ್ಟೇ, ಎರಡೂವರೆ ಪರ್ಸೆಂಟ್. ಕಂತಿಗೆ ಬಿದ್ದದ್ದು ತಿಂಗಳಿಗೆ ಸುಮಾರು 3,900 ರೂಪಾಯಿ. ಎಷ್ಟೋ ಮಂದಿಗೆ ಇದು ಗೊತ್ತೇ ಆಗಲಿಲ್ಲ, ಯಾಕೆಂದರೆ ಬ್ಯಾಂಕು ಕಂತು ಏರಿಸದೆ ಅವಧಿ ಉದ್ದ ಮಾಡಿತು. 2023ರ ಆಗಸ್ಟ್‌ನಲ್ಲಿ ಆರ್‌ಬಿಐ, ಕಂತು ಏರಿಸಬೇಕೋ ಅವಧಿ ಏರಿಸಬೇಕೋ ಎಂದು ಗ್ರಾಹಕರನ್ನು ಕೇಳಬೇಕು ಎಂದು ಬ್ಯಾಂಕುಗಳಿಗೆ ಹೇಳಬೇಕಾಯಿತು.

ಆದರೆ ಗೃಹಸಾಲ ಸಿಗುವುದು ಯಾರಿಗೆ? ಸಂಬಳದ ಚೀಟಿ, ಐಟಿ ರಿಟರ್ನ್, ಸರಿಯಾದ ಹಕ್ಕುಪತ್ರ ಇರುವವರಿಗೆ. 2023-24ರ ಸರ್ಕಾರಿ ಕಾರ್ಮಿಕ ಸಮೀಕ್ಷೆಯ ಪ್ರಕಾರ ದೇಶದ ದುಡಿಯುವವರಲ್ಲಿ ಖಾಯಂ ಸಂಬಳ ಪಡೆಯುವವರು ಶೇ 22ರಷ್ಟು. ಶೇ 58ರಷ್ಟು ಮಂದಿ ಸ್ವಂತ ದುಡಿಮೆಯವರು, ಶೇ 20ರಷ್ಟು ದಿನಗೂಲಿಯವರು. ಮೀನು ಮಾರುವವರು, ಗುಜರಿಯವರು, ರಿಕ್ಷಾದವರು, ಸಂತೆಯಲ್ಲಿ ಬಟ್ಟೆ ಹರಡುವವರು ಎಲ್ಲ ಬರುವುದು ಈ ಎರಡು ಗುಂಪಿನಲ್ಲಿ.

ಇವರ ಸಾಲ ಬೇರೆ ಕಡೆ ಇರುತ್ತದೆ. 2019ರ ಅಖಿಲ ಭಾರತ ಸಾಲ ಮತ್ತು ಹೂಡಿಕೆ ಸಮೀಕ್ಷೆಯಲ್ಲಿ, ಹಳ್ಳಿಗಳ ಒಟ್ಟು ಸಾಲದಲ್ಲಿ ಶೇ 34ರಷ್ಟು ಬ್ಯಾಂಕು, ಸೊಸೈಟಿಗಳ ಹೊರಗಿನದ್ದು, ಅಂದರೆ ಲೇವಾದೇವಿಯವರದ್ದು, ವ್ಯಾಪಾರಿಗಳದ್ದು, ನೆಂಟರದ್ದು. ನಗರಗಳಲ್ಲಿ ಅದು ಶೇ 13ರಷ್ಟೇ. ಲೇವಾದೇವಿಯವನ ಹತ್ತಿರ ಹೋಗಿ ‘ರೆಪೊ ಇಳಿದಿದೆ, ನೀವೂ ಸ್ವಲ್ಪ ಇಳಿಸಿ’ ಅಂತ ಕೇಳಲಿಕ್ಕೆ ಆಗ್ತದಾ? ಮೈಕ್ರೋ ಫೈನಾನ್ಸ್ ಕತೆಯೂ ಹೆಚ್ಚು ಬೇರೆಯಲ್ಲ. ವಾರ್ಷಿಕ ಆದಾಯ 3 ಲಕ್ಷದೊಳಗಿನ ಮನೆಗಳಿಗೆ ಒತ್ತೆ ಇಲ್ಲದೆ ಕೊಡುವ ಈ ಸಾಲಕ್ಕೆ 2022ರ ಮಾರ್ಚ್‌ನಲ್ಲಿ ಆರ್‌ಬಿಐ ಹೊಸ ಚೌಕಟ್ಟು ತಂದು ಬಡ್ಡಿಯ ಮಿತಿಯನ್ನು ತೆಗೆದುಹಾಕಿತು. ಕಂತುಗಳ ಮೊತ್ತ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು ಎಂಬ ಶರತ್ತು ಹಾಕಿತು. ಬಡ್ಡಿ ವರ್ಷಕ್ಕೆ ಶೇ 20ರ ಮೇಲೆಯೇ ನಡೆಯುತ್ತದೆ. ರೆಪೊ ಶೇ 4 ಇದ್ದಾಗಲೂ ಹಾಗೆಯೇ, ಶೇ 6.5 ಆದಾಗಲೂ ಹಾಗೆಯೇ. ವಸೂಲಿಯ ಕಿರುಕುಳ ಮಿತಿಮೀರಿ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ದರ ಇಳಿಕೆಯಿಂದ ಬಡವನ ಕೈಯಿಂದ ಯಾರೂ ಕಿತ್ತುಕೊಳ್ಳುವುದಿಲ್ಲ. ಮೇಲಿನವನಿಗೆ ಸಿಗುತ್ತದೆ, ಕೆಳಗಿನವನಿಗೆ ಸಿಗುವುದಿಲ್ಲ, ಅಷ್ಟೇ. ಆದರೆ ಅಂತರ ಹೆಚ್ಚಾಗಲಿಕ್ಕೆ ಅಷ್ಟು ಸಾಕು.

ಉಳಿತಾಯದ ಕಡೆಯಿಂದ

ಸಾಲಗಾರನಿಗೆ ಇಳಿಕೆ ಸಿಹಿಯಾದರೆ ಉಳಿಸಿದವನಿಗೆ ಕಹಿ. 2020-21ರಲ್ಲಿ ಚಿಲ್ಲರೆ ಹಣದುಬ್ಬರದ ಸರಾಸರಿ ಶೇ 6.2. ಆ ವರ್ಷ ದೊಡ್ಡ ಬ್ಯಾಂಕುಗಳಲ್ಲಿ ಒಂದು ವರ್ಷದ ಎಫ್‌ಡಿಗೆ ಸಿಗುತ್ತಿದ್ದುದು ಶೇ 5ರ ಆಸುಪಾಸು. ಅಂದರೆ ನಿವೃತ್ತರಾದ ಮೇಷ್ಟ್ರು ಬಡ್ಡಿ ಬಂತು ಅಂತ ಸಂತೋಷಪಡುವಾಗ, ಅಸಲಿನ ತೂಕ ಒಳಗಿಂದೊಳಗೆ ಕರಗುತ್ತಿತ್ತು.

ಉಳಿತಾಯ ಖಾತೆಯ ಕತೆ ಇನ್ನೂ ಸ್ವಾರಸ್ಯ. ದೇಶದ ಅತಿ ದೊಡ್ಡ ಬ್ಯಾಂಕಾದ ಎಸ್‌ಬಿಐಯಲ್ಲಿ 2020ರ ಮೇ ಕೊನೆಯಿಂದ ಸಾಮಾನ್ಯ ಉಳಿತಾಯ ಖಾತೆಗೆ ಶೇ 2.70 ಬಡ್ಡಿ. ಆಮೇಲೆ ರೆಪೊ 4ರಿಂದ 6.5ಕ್ಕೆ ಏರಿತು. ಉಳಿತಾಯ ಖಾತೆಯ ದರ ಅಲ್ಲಿಂದ ಅಲುಗಲಿಲ್ಲ. 2025ರಲ್ಲಿ ರೆಪೊ ಇಳಿಯಲು ಶುರುವಾದಾಗ ಮಾತ್ರ ಜೂನ್‌ನಲ್ಲಿ ಅದು ಶೇ 2.50ಕ್ಕೆ ಇಳಿಯಿತು. ಏರುವಾಗ ಜೊತೆಗೆ ಏರಲಿಲ್ಲ, ಇಳಿಯುವಾಗ ಇಳಿಯಿತು. ಇದರಲ್ಲಿ ಕಾನೂನು ಮೀರಿದ್ದು ಏನೂ ಇಲ್ಲ, ಆ ದರ ಬ್ಯಾಂಕುಗಳ ಸ್ವಂತ ತೀರ್ಮಾನ. ಆದರೆ ಎಫ್‌ಡಿ ಇಡುವಷ್ಟು ಹಣ ಇಲ್ಲದೆ ಉಳಿತಾಯ ಖಾತೆಯಲ್ಲೇ ನಾಲ್ಕು ಕಾಸು ಇಟ್ಟುಕೊಳ್ಳುವವರು ಯಾರು ಎಂದು ಯೋಚಿಸಿದರೆ ಸಾಕು.

ಬೆಲೆ ಏರಿಕೆ ಎಲ್ಲರಿಗೂ ಒಂದೇ ಅಲ್ಲ

2022ರ ಏಪ್ರಿಲ್‌ನಲ್ಲಿ ಚಿಲ್ಲರೆ ಹಣದುಬ್ಬರ ಶೇ 7.79ಕ್ಕೆ ಹೋಯಿತು. ಆ ವರ್ಷ ಸತತ ಮೂರು ತ್ರೈಮಾಸಿಕ ಶೇ 6ರ ಗೆರೆ ದಾಟಿದ್ದರಿಂದ, ಗುರಿ ತಪ್ಪಿದ್ದು ಯಾಕೆ ಎಂದು ಆರ್‌ಬಿಐ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರಕ್ಕೆ ವಿವರಣೆ ಕೊಡಬೇಕಾಯಿತು. ಅದಕ್ಕಾಗಿಯೇ ನವೆಂಬರ್ 3ರಂದು ಸಮಿತಿಯ ವಿಶೇಷ ಸಭೆ ನಡೆಯಿತು. ಸಮಿತಿ ಬಂದ ಮೇಲೆ ಇಂಥ ವಿವರಣೆ ಕೊಡಬೇಕಾಗಿ ಬಂದದ್ದು ಅದೇ ಮೊದಲು.

ಶೇ 7.79 ಎನ್ನುವುದು ಸರಾಸರಿ. 2022-23ರ ಮನೆಖರ್ಚಿನ ಸಮೀಕ್ಷೆಯಲ್ಲಿ ಹಳ್ಳಿಯ ಮನೆಯೊಂದು ತನ್ನ ಖರ್ಚಿನ ಶೇ 46ರಷ್ಟನ್ನು ಊಟ-ತಿಂಡಿಗೆ ಹಾಕುತ್ತದೆ, ಪೇಟೆಯ ಮನೆ ಶೇ 39ರಷ್ಟು. ಇದೂ ಸರಾಸರಿಯೇ, ಬಡ ಮನೆಯಲ್ಲಿ ಪಾಲು ಇನ್ನೂ ಹೆಚ್ಚು. 2024ರ ಅಕ್ಟೋಬರ್‌ನಲ್ಲಿ ಒಟ್ಟು ಹಣದುಬ್ಬರ ಶೇ 6.21 ಇದ್ದಾಗ ಆಹಾರದ್ದು ಶೇ 10.87. ಕಾರು, ಫೋನು, ವಿಮಾನದ ಟಿಕೆಟ್ ಕೊಳ್ಳುವವರಿಗೆ ಮೊದಲ ಅಂಕಿ. ಈರುಳ್ಳಿ, ಟೊಮೆಟೊ, ಕುಚ್ಚಲಕ್ಕಿ, ಎಣ್ಣೆ ಕೊಳ್ಳುವುದೇ ಜೀವನ ಆದವರಿಗೆ ಎರಡನೆಯದ್ದು.

ಇನ್ನು ಕೂಲಿ. ಕೇಂದ್ರ ಸರ್ಕಾರಿ ನೌಕರರಿಗೆ ವರ್ಷಕ್ಕೆ ಎರಡು ಸಲ ತುಟ್ಟಿಭತ್ಯೆ ಪರಿಷ್ಕರಣೆ ಉಂಟು. ಬೀಡಿ ಕಾರ್ಮಿಕರಿಗೂ ಬೆಲೆ ಸೂಚ್ಯಂಕಕ್ಕೆ ಜೋಡಿಸಿದ ತುಟ್ಟಿಭತ್ಯೆ ಇದೆ, ವರ್ಷಕ್ಕೊಮ್ಮೆ. ಅದೂ ಎಷ್ಟೋ ಸಲ ಹೋರಾಟ ಮಾಡಿ ಪಡೆಯಬೇಕು. ಬಟ್ಟೆ ಅಂಗಡಿಯಲ್ಲಿ ನಿಂತಿರುವ ಹುಡುಗನಿಗೆ, ಮನೆಕೆಲಸದವಳಿಗೆ ಯಾವ ಸೂಚ್ಯಂಕವೂ ಇಲ್ಲ. ಧಣಿಗೆ ಮನಸ್ಸು ಬಂದಾಗ ಐನೂರು ರೂಪಾಯಿ ಏರಿಕೆ. ಬೆಲೆ ಏರುವುದಕ್ಕೂ ಕೂಲಿ ಏರುವುದಕ್ಕೂ ನಡುವಿನ ಈ ಸಮಯದಲ್ಲೇ ಬಡವನ ಹಣ ಸೋರಿ ಹೋಗುವುದು. ವಿಲಿಯಂ ಈಸ್ಟರ್ಲಿ ಮತ್ತು ಸ್ಟ್ಯಾನ್ಲಿ ಫಿಶರ್ ಎಂಬ ಅರ್ಥಶಾಸ್ತ್ರಜ್ಞರು 38 ದೇಶಗಳ ಸುಮಾರು 32 ಸಾವಿರ ಮನೆಗಳ ಅಭಿಪ್ರಾಯ ಸಮೀಕ್ಷೆಯನ್ನು ವಿಶ್ಲೇಷಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ಹಣದುಬ್ಬರವನ್ನು ದೇಶದ ದೊಡ್ಡ ಸಮಸ್ಯೆ ಎಂದು ಹೇಳುವ ಸಾಧ್ಯತೆ ಶ್ರೀಮಂತರಿಗಿಂತ ಬಡವರಲ್ಲಿ ಹೆಚ್ಚು ಎಂದು ಕಂಡುಬಂತು. ಹಾಗಾಗಿ ಆರ್‌ಬಿಐ ದರ ಏರಿಸಿದ ಕೂಡಲೇ ಅದು ಬಡವರ ವಿರುದ್ಧ ಎನ್ನುವುದು ಸರಿಯಲ್ಲ. ಬೆಲೆ ಹಿಡಿತಕ್ಕೆ ಬಂದರೆ ಮೊದಲು ಉಸಿರು ಬಿಡುವುದು ಅವರೇ.

ಶೇರು ಮತ್ತು ಪವನ್

ದರ ಇಳಿಕೆಯ ಲಾಭ ಎಲ್ಲಿ ಸೇರಿತು ಎಂದು ನೋಡಬೇಕಾದರೆ 2020-21ನೇ ವರ್ಷವನ್ನೇ ತೆಗೆದುಕೊಳ್ಳಬೇಕು. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ 26 ಸಾವಿರದ ಕೆಳಗೆ ಬಿತ್ತು. ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ದೇಶದ ಜಿಡಿಪಿ ಶೇ 24ರ ಆಸುಪಾಸು ಕುಸಿಯಿತು. ಜನ ರಸ್ತೆಯಲ್ಲಿ ನಡೆದು ಊರು ಸೇರಿದರು. 2021ರ ಜನವರಿಯಲ್ಲಿ ಸೆನ್ಸೆಕ್ಸ್ 50 ಸಾವಿರ ಮುಟ್ಟಿತು, ಸೆಪ್ಟೆಂಬರ್‌ನಲ್ಲಿ 60 ಸಾವಿರ ದಾಟಿತು. ಬರೀ ರೆಪೊದಿಂದ ಹೀಗಾಯಿತು ಎಂದಲ್ಲ. ಅಮೆರಿಕದ ಫೆಡರಲ್ ರಿಸರ್ವ್ ಕೂಡ ದರವನ್ನು ಸೊನ್ನೆಯ ಹತ್ತಿರ ತಂದಿತ್ತು, ಹಣ ಲೋಕವಿಡೀ ಹರಿದಾಡುತ್ತಿತ್ತು. ಠೇವಣಿಗೆ ಬಡ್ಡಿ ಕಡಿಮೆಯಾದಾಗ ದೊಡ್ಡ ಹಣ ಶೇರು, ಜಾಗ, ಚಿನ್ನದ ಕಡೆ ಓಡುತ್ತದೆ, ಅವುಗಳ ಬೆಲೆ ಏರುತ್ತದೆ. ಅವು ಯಾರ ಹತ್ತಿರ ಇವೆಯೋ ಅವರು ಕೂತಲ್ಲೇ ಶ್ರೀಮಂತರಾಗುತ್ತಾರೆ. ಬ್ರಿಟನ್ನಿನ ಕೇಂದ್ರ ಬ್ಯಾಂಕು 2012ರಲ್ಲಿ ತನ್ನದೇ ನೀತಿಯ ಬಗ್ಗೆ ಕೊಟ್ಟ ವರದಿಯಲ್ಲಿ ಇದನ್ನು ಒಪ್ಪಿಕೊಂಡಿತ್ತು: ತಾನು ಹೊಸ ಹಣದಿಂದ ಸಾಲಪತ್ರ ಖರೀದಿಸಿದ್ದರಿಂದ ಆಸ್ತಿಗಳ ಬೆಲೆ ಏರಿತು, ಆ ಬಗೆಯ ಆಸ್ತಿಯಲ್ಲಿ ಶೇ 40ರಷ್ಟು ಮೇಲಿನ ಶೇ 5 ಮನೆಗಳ ಕೈಯಲ್ಲಿದೆ ಎಂದು.

ನಮ್ಮಲ್ಲಿ ಶೇರಿಗಿಂತ ಚಿನ್ನದ ಮಾತು ಹೆಚ್ಚು. ಕಾಸರಗೋಡು ಸೇರಿ ಕೇರಳದಲ್ಲಿ ಒಂದು ಪವನ್ ಬೆಲೆ 2020ರ ಮಾರ್ಚ್ ಮೊದಲ ವಾರದಲ್ಲಿ 32 ಸಾವಿರದ ಆಸುಪಾಸು ಇತ್ತು. 2025ರ ಅಕ್ಟೋಬರ್‌ನಲ್ಲಿ 90 ಸಾವಿರ ದಾಟಿತು. ಚಿನ್ನ ಬಡವರ ಆಸ್ತಿಯೂ ಹೌದು, ಹಾಗಾಗಿ ಇದು ಅಂತರವನ್ನು ಕಡಿಮೆ ಮಾಡಬೇಕಿತ್ತಲ್ಲ ಎಂದು ಕೇಳಬಹುದು. ಅರ್ಧ ನಿಜ. ಮದುವೆಯಲ್ಲಿ ಸಿಕ್ಕ ಹತ್ತು ಪವನ್ ಅನ್ನು ಮಾರದೆ ಇಟ್ಟುಕೊಂಡ ಹೆಂಗಸಿನ ಕೈಯಲ್ಲಿ ಇವತ್ತು ಸಣ್ಣ ಆಸ್ತಿಯೇ ಇದೆ. ಆದರೆ ಅದೇ ಬೀದಿಯಲ್ಲಿ ಇನ್ನೂ ಮದುವೆಯಾಗದ ಮೂವರು ಹೆಣ್ಣುಮಕ್ಕಳ ಬಾಪ ಇದ್ದಾರೆ. ಅವರಿಗೆ ಪವನ್ ಲೆಕ್ಕ ಎಂದರೆ ಸಾಲದ ಲೆಕ್ಕ. ವರದಕ್ಷಿಣೆಯ ತಪ್ಪು ನಮ್ಮದು, ಆರ್‌ಬಿಐಯದ್ದಲ್ಲ. ಅದನ್ನು ಬೇರೆಯೇ ಮಾತಾಡಬೇಕು.

ಚಿನ್ನದ ಸಾಲದಲ್ಲೂ ಒಂದು ಪಾಠ ಆಗಿದೆ. 2020ರ ಆಗಸ್ಟ್‌ನಲ್ಲಿ, ಜನರ ಕೈಗೆ ಹಣ ಸಿಗಲಿ ಎಂದು, ಕೃಷಿಯೇತರ ಉದ್ದೇಶಕ್ಕೆ ಬ್ಯಾಂಕುಗಳು ಚಿನ್ನದ ಮೌಲ್ಯದ ಶೇ 75ರ ಬದಲು ಶೇ 90ರವರೆಗೆ ಸಾಲ ಕೊಡಬಹುದು ಎಂದು ಆರ್‌ಬಿಐ ಸಡಿಲಿಸಿತು, 2021ರ ಮಾರ್ಚ್ ಕೊನೆಯವರೆಗೆ. ಸಡಿಲಿಕೆ ಬಂದ ಹೊತ್ತಿಗೇ ಪವನ್ 42 ಸಾವಿರ ಮುಟ್ಟಿತ್ತು. ಮುಗಿಯುವ ಹೊತ್ತಿಗೆ 34 ಸಾವಿರದ ಕೆಳಗೆ. ಏರಿದ ಬೆಲೆಯಲ್ಲಿ ಪೂರ್ತಿ ಸಾಲ ತೆಗೆದವರ ಚಿನ್ನ ಸಾಲಕ್ಕಿಂತ ಅಗ್ಗವಾಯಿತು. ಹಲವರ ಮನೆಗೆ ಹರಾಜಿನ ನೋಟಿಸು ಬಂತು. ಉದ್ದೇಶ ಒಳ್ಳೆಯದೇ ಇತ್ತು. ಕೊರೋನಾ ಕಾಲದಲ್ಲಿ ಕೆಲಸ ಕಳೆದುಕೊಂಡು ಅಡವಿಟ್ಟವರು ಅದನ್ನು ಬಿಡಿಸಿಕೊಳ್ಳುವುದು ಹೇಗೆ? ಅನುಕೂಲ ಇದ್ದವರು ಅದೇ ಕಡಿಮೆ ಬೆಲೆಗೆ ಕೊಂಡುಕೊಂಡರು.

ದರ ಏರಿದರೆ ಕೆಲಸ ಯಾರದ್ದು ಹೋಗುತ್ತದೆ?

ಹಾಗಾದರೆ ದರ ಏರಿಸಿಟ್ಟರೆ ಅಂತರ ಕಡಿಮೆಯಾಗುತ್ತದಾ? ಅಷ್ಟು ಸುಲಭ ಇಲ್ಲ. ಇಲ್ಲಿ ಎರಡು ಪ್ರಸಿದ್ಧ ಅಧ್ಯಯನಗಳು ಒಂದಕ್ಕೊಂದು ಉಲ್ಟಾ ಹೇಳುವಂತೆ ಕಾಣುತ್ತವೆ.

ಅಮೆರಿಕದಲ್ಲಿ 1979ರಿಂದ ಪಾಲ್ ವೋಲ್ಕರ್ ಹಣದುಬ್ಬರ ಕೊಲ್ಲಲು ಬಡ್ಡಿದರವನ್ನು ಶೇ 20ರ ಹತ್ತಿರಕ್ಕೆ ಒಯ್ದರು. ಹಣದುಬ್ಬರ ಬಿತ್ತು, ಜೊತೆಗೆ ಕೆಲಸಗಳೂ ಬಿದ್ದವು. 1982ರ ಕೊನೆಗೆ ನಿರುದ್ಯೋಗ ಶೇ 10.8. ಒಲಿವಿಯರ್ ಕೊಯ್ಬಿಯನ್ ಮತ್ತು ಸಂಗಡಿಗರು 1980ರಿಂದ ಮುಂದಿನ ಅಮೆರಿಕದ ಮನೆಗಳ ಲೆಕ್ಕ ತೆಗೆದು 2017ರಲ್ಲಿ ಪ್ರಕಟಿಸಿದರು: ಬಡ್ಡಿದರ ಬಿಗಿಯಾದಾಗ ಆದಾಯದ ಅಂತರ ಹೆಚ್ಚಾಗುತ್ತದೆ. ಡೆನ್ಮಾರ್ಕಿನಲ್ಲಿ ದೇಶದ ಎಲ್ಲರ ತೆರಿಗೆ ದಾಖಲೆ ಹಿಡಿದು ಮಾಡಿದ ಇನ್ನೊಂದು ಅಧ್ಯಯನ ಹೇಳಿದ್ದು: ಬಡ್ಡಿದರ ಸಡಿಲವಾದಾಗ ಎಲ್ಲರಿಗೂ ಲಾಭ, ಆದರೆ ಮೇಲೆ ಹೋದಂತೆ ಲಾಭ ಹೆಚ್ಚು, ಅಂದರೆ ಸಡಿಲವಾದಾಗ ಅಂತರ ಹೆಚ್ಚಾಗುತ್ತದೆ.

ಎರಡೂ ಸರಿಯಿರಬಹುದು. ದರ ಏರಿದಾಗ ಮೊದಲು ನಿಲ್ಲುವುದು ಕಟ್ಟಡದ ಕೆಲಸ, ಸಣ್ಣ ವರ್ಕ್‌ಶಾಪು, ಹೊಸ ಅಂಗಡಿ. ಮೊದಲು ಮನೆಗೆ ಹೋಗುವವನು ದಿನಗೂಲಿಯವನು; ಮ್ಯಾನೇಜರ್ ಅಲ್ಲ. ಈ ದಾರಿ ಬಲವಾಗಿರುವ ಕಡೆ ಬಿಗಿ ನೀತಿ ಬಡವನಿಗೆ ಪೆಟ್ಟು. ಕೆಲಸ ಹೋದರೂ ಸರ್ಕಾರ ನೋಡಿಕೊಳ್ಳುವ, ಅನುಕೂಲಸ್ಥರು ದೊಡ್ಡ ದೊಡ್ಡ ಬ್ಯಾಂಕ್ ಸಾಲದಲ್ಲಿ ಮನೆ-ಶೇರು ಹೊಂದಿರುವ ಡೆನ್ಮಾರ್ಕಿನಂಥ ಕಡೆ ಸಾಲ ಮತ್ತು ಆಸ್ತಿಯ ದಾರಿ ಬಲ. ಭಾರತದಲ್ಲಿ ಎರಡೂ ದಾರಿಗಳು ಒಟ್ಟಿಗೆ ಇವೆ. ಕೆಲಸ ಹೋದರೆ ಹಿಡಿಯುವ ಕೈ ಇಲ್ಲ, ಸಾಲ-ಆಸ್ತಿ ಮೇಲಿನವರ ಕೈಯಲ್ಲಿದೆ. ನನಗೆ ತೋಚುವ ಮಟ್ಟಿಗೆ, ನಮ್ಮ ದೇಶದ ಬಡವ ಇಳಿಕೆಯಲ್ಲಿ ಪಾಲಿಲ್ಲದೆ, ಏರಿಕೆಯಲ್ಲಿ ಮೊದಲ ಪೆಟ್ಟು ತಿನ್ನುವ ಜಾಗದಲ್ಲಿ ಇದ್ದಾನೆ.

ಅಂತರ ಎಷ್ಟು ಎಂಬ ಬಗ್ಗೆಯೇ ಜಗಳ ಇದೆ, ಅದನ್ನೂ ಹೇಳಿಬಿಡುತ್ತೇನೆ. ಖರ್ಚಿನ ಲೆಕ್ಕದಲ್ಲಿ ಭಾರತದ ಅಸಮಾನತೆ ಕಡಿಮೆ. ವಿಶ್ವಬ್ಯಾಂಕಿನ ಪ್ರಕಾರ 2022-23ರ ಗಿನಿ ಸೂಚ್ಯಂಕ 25.5. ಆದಾಯದ ಲೆಕ್ಕ ಹಿಡಿದ ವರ್ಲ್ಡ್ ಇನಿಕ್ವಾಲಿಟಿ ಲ್ಯಾಬ್ ಪ್ರಕಾರ ಅದೇ ವರ್ಷ ಮೇಲಿನ ಶೇ 1 ಮಂದಿಗೆ ದೇಶದ ಆದಾಯದ ಶೇ 22.6. ಶ್ರೀಮಂತ ಎಷ್ಟು ತಿಂದಾನು? ಉಳಿದದ್ದು ಆಸ್ತಿಯಾಗುತ್ತದೆ, ಅದು ಖರ್ಚಿನ ಲೆಕ್ಕಕ್ಕೆ ಬರುವುದಿಲ್ಲ. ಹಣಕಾಸು ನೀತಿ ಹೆಚ್ಚು ಕೆಲಸ ಮಾಡುವುದೂ ಆ ಉಳಿದದ್ದರ ಮೇಲೆಯೇ.

ಗಲ್ಫ್‌ನ ದಿರ್ಹಂ, ಪಕ್ಕದ ಮನೆಯ ರೂಪಾಯಿ

ಯುಎಇಯ ದಿರ್ಹಂ 1997ರಿಂದ ಒಂದು ಡಾಲರಿಗೆ 3.6725ರಂತೆ ಕಟ್ಟಿಹಾಕಲ್ಪಟ್ಟಿದೆ. ಸೌದಿ ರಿಯಾಲ್ 1986ರಿಂದ 3.75ರಲ್ಲಿ. ಹಾಗಾಗಿ ವಾಷಿಂಗ್ಟನ್ನಿನಲ್ಲಿ ಫೆಡ್ ದರ ಏರಿಸಿದರೆ ಅಬುಧಾಬಿ, ರಿಯಾದ್ ಕೂಡ ಹೆಚ್ಚುಕಮ್ಮಿ ಅದೇ ದಿನ ಏರಿಸುತ್ತವೆ. 2022ರ ಮಾರ್ಚ್‌ನಿಂದ 2023ರ ಜುಲೈವರೆಗೆ ಫೆಡ್ ದರ ಸೊನ್ನೆಯಿಂದ ಶೇ 5.25-5.50ಕ್ಕೆ ಹೋಯಿತು. ಡಾಲರಿಗೆ ಬಡ್ಡಿ ಹೆಚ್ಚಾದಾಗ ಹೂಡಿಕೆದಾರರು ಭಾರತದಿಂದ ಹಣ ತೆಗೆದು ಅಲ್ಲಿಗೆ ಒಯ್ಯುತ್ತಾರೆ, ರೂಪಾಯಿ ಜಾರುತ್ತದೆ. 2022ರ ಆರಂಭದಲ್ಲಿ ಡಾಲರಿಗೆ 75ರ ಒಳಗಿದ್ದ ರೂಪಾಯಿ ಆ ವರ್ಷದ ಕೊನೆಗೆ 83ರ ಹತ್ತಿರ. 2025ರ ಡಿಸೆಂಬರ್‌ನಲ್ಲಿ 90 ದಾಟಿತು.

ತಿಂಗಳಿಗೆ 1,500 ದಿರ್ಹಂ ಊರಿಗೆ ಕಳುಹಿಸುವವನನ್ನು ತೆಗೆದುಕೊಳ್ಳಿ. 2022ರ ಆರಂಭದ ದರದಲ್ಲಿ ಮನೆಗೆ ತಲುಪುತ್ತಿದ್ದುದು ಸುಮಾರು 30,400 ರೂಪಾಯಿ. ಡಾಲರ್ 90 ಆದಾಗ ಸುಮಾರು 36,700. ಅವನ ಸಂಬಳ ಒಂದು ದಿರ್ಹಂ ಏರಲಿಲ್ಲ. ಮನೆಯವರಿಗೆ ಆರು ಸಾವಿರ ಹೆಚ್ಚು. ಅವನಿಗೆ ಅಲ್ಲಿ ಬಾಡಿಗೆ, ಊಟ ದುಬಾರಿಯಾಯಿತು, ಅಲ್ಲಿಯ ಬ್ಯಾಂಕಿನಲ್ಲಿ ಸಾಲ ಇದ್ದರೆ ಬಡ್ಡಿಯೂ ಏರಿರಬಹುದು, ಅದು ಬೇರೆ. ಕೈಯಲ್ಲಿ ಉಳಿತಾಯ ಇರುವ ಅನಿವಾಸಿಗೆ ಇನ್ನೂ ಒಂದು ಅನುಕೂಲ: ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಇಲ್ಲಿ ಆದಾಯ ತೆರಿಗೆ ಇಲ್ಲ.

ಈಗ ಪಕ್ಕದ ಮನೆ ನೋಡಿ. ಗಲ್ಫ್‌ಗೆ ಹೋದವರು ಯಾರೂ ಇಲ್ಲ. ಯಜಮಾನ ತೆಂಗು-ಅಡಿಕೆ ತೋಟದಲ್ಲಿ ಕೂಲಿ. ರೂಪಾಯಿ ಜಾರಿದರೆ ಪೆಟ್ರೋಲು, ಗ್ಯಾಸು, ಹೊರಗಿನಿಂದ ಬರುವ ಅಡುಗೆ ಎಣ್ಣೆ ಎಲ್ಲದರ ಮೇಲೂ ಒತ್ತಡ ಬೀಳುತ್ತದೆ. ಜಾಗದ ಬೆಲೆಯೂ ಏರುತ್ತದೆ, ಯಾಕೆಂದರೆ ಗಲ್ಫ್‌ನ ಹಣ ಬಂದು ಇಳಿಯುವುದು ಸೆಂಟ್ಸಿನ ಮೇಲೆ. ಒಂದೇ ಮಹಲ್ಲಿನ, ಒಂದೇ ಸಫ್‌ನಲ್ಲಿ ನಿಲ್ಲುವ ಎರಡು ಮನೆಗಳ ನಡುವೆ ಅಂತರ ಬೆಳೆಯಲಿಕ್ಕೆ ಇಬ್ಬರೂ ಏನೂ ಮಾಡಬೇಕಾಗಿಲ್ಲ; ಇಬ್ಬರೂ ಕಾಣದ ಸಭೆಯೊಂದು ಸಾಕು. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಸಾಗುವಾಗ ದೊಡ್ಡ ಮನೆಗಳ ನಡುವೆ ಸಣ್ಣ ಹಂಚಿನ ಮನೆ ಕಾಣುವುದರ ಹಿಂದೆ ಇದೂ ಒಂದು ಕಾರಣ.

ಬಡ್ಡಿ ಬೇಡ ಎನ್ನುವವರ ಲೆಕ್ಕ

ಇಲ್ಲಿಯವರೆಗೆ ಹೇಳಿದ್ದೆಲ್ಲ ಬಡ್ಡಿ ಕೊಡುವ, ತೆಗೆದುಕೊಳ್ಳುವವರ ವಿಷಯ. ನಮ್ಮಲ್ಲಿ ಎರಡರಿಂದಲೂ ದೂರ ಇರುವವರು ಬಹಳ ಮಂದಿ ಇದ್ದಾರೆ. ಬಡ್ಡಿ ಹರಾಮ್ ಎಂಬ ನಿಲುವಿನ ಬಗ್ಗೆ ಇಲ್ಲಿ ಚರ್ಚೆಯೇ ಇಲ್ಲ. ಆದರೆ ಬಡ್ಡಿಯನ್ನೇ ಸಾಧನ ಮಾಡಿಕೊಂಡ ಆರ್ಥಿಕತೆಯಲ್ಲಿ ಅವರ ಸ್ಥಿತಿ ಏನಾಗುತ್ತದೆ ಎಂಬುದನ್ನು ತಿಳಿದುಕೊಳ್ಳುವುದರಲ್ಲಿ ತಪ್ಪಿಲ್ಲ.

ದರ ಇಳಿದಾಗ ಗೃಹಸಾಲದ ಲಾಭ ಇಲ್ಲ. ಏರಿದಾಗ ಠೇವಣಿಯ ಲಾಭ ಇಲ್ಲ. ಹಣದುಬ್ಬರ ಮಾತ್ರ ಬಿಡುವುದಿಲ್ಲ: ವರ್ಷಕ್ಕೆ ಶೇ 5ರಂತೆ ಬೆಲೆ ಏರಿದರೆ, ಸುಮ್ಮನೆ ಇಟ್ಟ ಒಂದು ಲಕ್ಷ ರೂಪಾಯಿಗೆ ಐದು ವರ್ಷದಲ್ಲಿ ಸಿಗುವುದು ಮೊದಲಿನ 78 ಸಾವಿರದ ಸಾಮಾನು. ಝಕಾತ್ ಬೇರೆ ವಿಷಯ, ಅದು ಇಲ್ಲದವರ ಹಕ್ಕು. ಇದು ಯಾರ ಹಕ್ಕೂ ಅಲ್ಲದೆ ಕರಗಿಹೋಗುವುದು. ಅನುಕೂಲಸ್ಥರು ಇದರಿಂದ ತಪ್ಪಿಸಿಕೊಳ್ಳುತ್ತಾರೆ, ಜಾಗ ಕೊಳ್ಳುತ್ತಾರೆ, ಅಂಗಡಿಗೆ ಪಾಲುದಾರರಾಗುತ್ತಾರೆ. ಹತ್ತು-ಇಪ್ಪತ್ತು ಸಾವಿರ ಕೂಡಿಡುವವರಿಗೆ ಆ ದಾರಿ ಇಲ್ಲ. ಮನೆಮನೆಯ ಚೀಟಿ, ಜಮಾಅತಿನ ಬಡ್ಡಿರಹಿತ ಸಾಲನಿಧಿ ಇವಷ್ಟೇ.

ಬಡ್ಡಿರಹಿತ ಬ್ಯಾಂಕಿಂಗ್‌ಗೂ ಜಾಗ ಕೊಡಬೇಕು ಎಂದು 2008ರಲ್ಲಿ ರಘುರಾಮ್ ರಾಜನ್ ಸಮಿತಿ ಶಿಫಾರಸು ಮಾಡಿತ್ತು, ಅದರಿಂದ ದೂರ ಉಳಿದವರೂ ಬ್ಯಾಂಕಿನ ಒಳಗೆ ಬರುತ್ತಾರೆ ಎಂಬ ವಾದದಿಂದ. 2017ರಲ್ಲಿ, ಎಲ್ಲರಿಗೂ ಬ್ಯಾಂಕಿಂಗ್ ಅವಕಾಶ ಸಮಾನವಾಗಿ ಇರುವುದರಿಂದ ಆ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲ ಎಂದು ಆರ್‌ಬಿಐ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರಿಸಿತು. ಬಾಗಿಲು ಮುಚ್ಚಿದ ಕಡೆ ಕಳ್ಳದಾರಿ ಹುಟ್ಟುತ್ತದೆ. ‘ಹಲಾಲ್ ಹೂಡಿಕೆ’ ಎಂಬ ಹೆಸರಿನಲ್ಲಿ ಹಣ ಸಂಗ್ರಹಿಸಿದ ಬೆಂಗಳೂರಿನ ಐಎಂಎ 2019ರಲ್ಲಿ ಮುಳುಗಿದಾಗ ಸಾವಿರಾರು ಮುಸ್ಲಿಂ ಮನೆಗಳ ಉಳಿತಾಯ ಅದರ ಜೊತೆ ಹೋಯಿತು.

ಊಟದ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಬೇಕೇ?

2024ರ ಜುಲೈಯಲ್ಲಿ ಬಂದ ಕೇಂದ್ರದ ಆರ್ಥಿಕ ಸಮೀಕ್ಷೆ ಒಂದು ಸಲಹೆ ಕೊಟ್ಟಿತು: ಆಹಾರ ಪದಾರ್ಥಗಳನ್ನು ಬಿಟ್ಟು ಉಳಿದ ಹಣದುಬ್ಬರಕ್ಕೆ ಗುರಿ ಇಡುವುದನ್ನು ಯೋಚಿಸಬಹುದು ಎಂದು. ಮಳೆ ಕೈಕೊಟ್ಟು ಟೊಮೆಟೊ ಬೆಲೆ ಏರಿದರೆ ರೆಪೊ ಏರಿಸಿ ಏನು ಪ್ರಯೋಜನ, ಬಡ್ಡಿದರ ಟೊಮೆಟೊ ಬೆಳೆಯುವುದಿಲ್ಲವಲ್ಲ ಎನ್ನುವುದು ವಾದ. ಬಡವರಿಗೆ ಕೂಪನ್ನೋ ನೇರ ನಗದೋ ಕೊಟ್ಟು ಬೆಲೆ ಏರಿಕೆಯನ್ನು ಸರಿದೂಗಿಸಬಹುದು ಎಂದೂ ಅದರಲ್ಲಿತ್ತು. ಮರು ತಿಂಗಳೇ ಆರ್‌ಬಿಐ, ಜನರ ಖರ್ಚಿನಲ್ಲಿ ಆಹಾರದ ಪಾಲು ಇಷ್ಟು ದೊಡ್ಡದಿರುವಾಗ ಅದನ್ನು ಬಿಟ್ಟುಬಿಡಲು ಸಾಧ್ಯವಿಲ್ಲ ಎಂದಿತು. ಆಗ ಜಾರಿಯಲ್ಲಿದ್ದ 2012ರ ಸರಣಿಯ ಸೂಚ್ಯಂಕದಲ್ಲಿ ಆಹಾರ-ಪಾನೀಯದ ತೂಕ ಶೇ 46ರ ಹತ್ತಿರ.

ಸಮೀಕ್ಷೆಯ ಮೊದಲ ಅರ್ಧ ತಾರ್ಕಿಕವಾಗಿ ಸರಿ, ಎರಡನೇ ಅರ್ಧ ನಡೆದರೆ ಮಾತ್ರ ಒಪ್ಪಬಹುದು. ಊಟದ ಬೆಲೆಯನ್ನು ಗುರಿಯಿಂದ ತೆಗೆದು, ಕೂಪನ್ ಬಾರದೇ ಹೋದರೆ, ಬಡವನ ಹಣದುಬ್ಬರ ಯಾರ ಜವಾಬ್ದಾರಿಯೂ ಅಲ್ಲದೆ ಉಳಿಯುತ್ತದೆ. ಅನುಭವ ಹೇಳುವುದು, ತೆಗೆಯುವುದು ಒಂದೇ ದಿನದಲ್ಲಿ ಆಗುತ್ತದೆ, ಕೊಡುವುದಕ್ಕೆ ಅರ್ಜಿ, ಆಧಾರ್, ಕ್ಯೂ.

ಆರ್‌ಬಿಐ ಕೈಯಲ್ಲಿರುವುದು ಮುಖ್ಯವಾಗಿ ಒಂದೇ ದರ. ಅದರಿಂದ ಬೆಲೆಯನ್ನೂ ಹಿಡಿದು, ಬೆಳವಣಿಗೆಯನ್ನೂ ನೋಡಿ, ಅಂತರವನ್ನೂ ಸರಿಮಾಡು ಎಂದರೆ ಆಗುವುದಿಲ್ಲ. ಯಾರಿಗೆ ಸಾಲ ಅಗ್ಗವಾಗಬೇಕು ಎಂದು ನಿರ್ಧರಿಸುವುದು ಬಜೆಟ್. ಉದಾಹರಣೆಗೆ ಬೆಳೆಸಾಲ: ಕೇಂದ್ರದ ಬಡ್ಡಿ ಸಹಾಯಧನದಿಂದ 3 ಲಕ್ಷದವರೆಗೆ ಶೇ 7, ಸರಿಯಾಗಿ ಕಟ್ಟಿದರೆ ಶೇ 4, ಗಡಿಯಾಚೆ ಕರ್ನಾಟಕದಲ್ಲಿ ಸಹಕಾರ ಸಂಘಗಳ ಮೂಲಕ 5 ಲಕ್ಷದವರೆಗೆ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲ. ರೆಪೊ 4 ಇರಲಿ, 6.5 ಇರಲಿ, ಈ ದರ ಬದಲಾಗಲಿಲ್ಲ. ಆದರೆ ಅಲ್ಲೂ ಪಹಣಿ ಕೇಳುತ್ತಾರೆ. ತೋಟ ಇದ್ದವನಿಗೆ ಸಿಗುತ್ತದೆ, ತೋಟದಲ್ಲಿ ದುಡಿಯುವವನಿಗೆ ಅಲ್ಲ.

2025ರ ಅಕ್ಟೋಬರ್‌ನಲ್ಲಿ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿಯಿತು, ಆ ಸರಣಿಯಲ್ಲೇ ಅತಿ ಕಡಿಮೆ. ಇಳಿದದ್ದು ಮುಖ್ಯವಾಗಿ ತರಕಾರಿ, ಬೇಳೆ. ಆ ಒಂದು ವರ್ಷ ಬೀಡಿ ಕಟ್ಟುವ ಮನೆಯ ಅಡುಗೆಕೋಣೆಗೆ ಸಿಕ್ಕಿದ ಉಪಕಾರ ಯಾವ ರೆಪೊ ಇಳಿಕೆಯಿಂದಲೂ ಸಿಕ್ಕಿರಲಿಲ್ಲ. ಅದೇ ತಿಂಗಳು ಪವನ್ 90 ಸಾವಿರ ದಾಟಿತ್ತು. ಹಳೆಯ ಗೃಹಸಾಲ ಇನ್ನೂ 2019ಕ್ಕಿಂತ ಮೊದಲಿನ ಪದ್ಧತಿಯಲ್ಲೇ ಇದ್ದವರು ಬ್ಯಾಂಕಿಗೆ ಹೋಗಿ ರೆಪೊಗೆ ಜೋಡಿಸಿದ ದರಕ್ಕೆ ಬದಲಾಯಿಸಿ ಎಂದು ಲಿಖಿತವಾಗಿ ಕೇಳಬಹುದು. ನಿಯಮದಲ್ಲಿ ಅವಕಾಶ ಇದೆ. ತಾನಾಗಿ ಬದಲಾಗುವುದಿಲ್ಲ.